ಅಜ್ಜನ ಕಾರುಬಾರು

ಹಳೇ ಕಾರುಗಳ ಮೆರವಣಿಗೆಗೆ ಇನ್ನು ಅರ್ಧ ಗಂಟೆ ಇತ್ತು. ಶೇಷಗಿರಿಯವರ ಬ್ರಿಟಿಷ್ ಕಾರು ಟಾಪು ಮಡಚ್ಕೊಂಡು ಸುಮ್ನೆ ನಿಂತಿತ್ತು. ಮಾಲೀಕರ ಬಾಯಿ ಮಾತ್ರ ಮಡಚೋ ಹಂಗೆ ಕಾಣ್ಲಿಲ್ಲ.

"ಮೂರು ತಲೆಮಾರಿಂದ ನಿಮ್ಮನೇದೇ ಅಂತ ಸಾಬೀತಾದ್ರೆ ಮೊದಲ್ನೇ ಬಹುಮಾನ ನಿಮ್ಗೇ," ಅಂದ್ರು ತೀರ್ಪು ಕೊಡೋಕೆ ಬಂದಿದ್ದ ವಯಸ್ಸಾದ ಹೆಂಗಸು. "ಗುರುತು ಏನಾದ್ರೂ ಇದ್ಯಾ?"

ಶೇಷಗಿರಿ ಕಟ್ಟು ಹಾಕ್ಸಿದ ಫೋಟೋ ಕೊಟ್ರು. "ಸ್ಟೇರಿಂಗ್ ಹಿಡ್ದಿರೋರು ನಮ್ಮಜ್ಜ. ಲಂಡನ್ನಿಂದ ಹಡಗಲ್ಲಿ ತರ್ಸಿದ್ದು."

ಆಕೆ ಕನ್ನಡಕ ಹಾಕ್ಕೊಂಡ್ರು. ಫೋಟೋನ ಕಣ್ಣಿನ ಹತ್ರ ತಂದ್ರು.

"ಎದೆ ಮೇಲಿರೋದು ಏನು?"

"ಪದಕ ಮೇಡಂ! ಕಾರು ಕಂಪನಿಯೋರೇ ಕೊಟ್ಟಿದ್ದು."

"ಆ ಕಂಪನಿ ಕಾರು ಕೊಂಡೋರಿಗೆ ಪದಕ ಕೊಡ್ತಿರ್ಲಿಲ್ಲ. ತಾನು ತರಬೇತಿ ಕೊಟ್ಟ ಡ್ರೈವರ್‌ಗಳಿಗೆ ಬಿಲ್ಲೆ ಕೊಡ್ತಿತ್ತು."

ಶೇಷಗಿರಿ ಕತ್ತಿನ ಬೆವರು ಒರ್ಸ್ಕೊಂಡ್ರು. "ನಮ್ಮಜ್ಜಂಗೆ ಗಾಡಿ ಓಡ್ಸೋ ಹುಚ್ಚು. ಅದನ್ನೂ ಕಲ್ತಿರ್ಬೇಕು."

"ಹಿಂದಿನ ಸೀಟಲ್ಲಿ ಕೂತಿರೋರು?"

"ಯಾರೋ ಆಳಿರ್ಬೇಕು. ಅಜ್ಜನ ಮನಸ್ಸು ದೊಡ್ಡದು. ಆಳುಗಳ್ನೂ ಕೂರ್ಸ್ಕೊಂಡು ಸುತ್ತಾಡ್ಸ್ತಿದ್ರು."

"ಜರಿಪೇಟ ಸುತ್ತಿರೋ ಆಳಾ?"

ಶೇಷಗಿರಿ ಫೋಟೋ ಇಸ್ಕೊಳ್ಳೋಕೆ ಕೈ ಚಾಚಿದ್ರು.

ಆಕೆ ಫೋಟೋನ ವಾಪಸ್ ಕೊಡ್ಲಿಲ್ಲ. ತಮ್ಮ ಎದೆಗೆ ಒತ್ತಿ ಹಿಡ್ಕೊಂಡ್ರು.

"ಇದ್ರದ್ದೇ ಇನ್ನೊಂದು ಪ್ರತಿ ನಮ್ಮನೇಲಿದೆ," ಅಂದ್ರು ತಣ್ಣಗೆ. "ಹಿಂದೆ ಕೂತಿರೋರು ನಮ್ಮಜ್ಜ. ಈ ಫೋಟೋ ತೆಗ್ಸಿದ ದಿನ ನಿಮ್ಮಜ್ಜನ ಜೊತೆ ಈ ಕಾರಲ್ಲಿ ಹೊರಟೋರು ಮನೆಗೆ ವಾಪಸ್ ಬರ್ಲೇ ಇಲ್ಲ."