ಸೋತವನ ಅಂಗಿ

"ವರ್ಷಾ ವರ್ಷಾ ಇಷ್ಟೊಂದ್ ತಪ್ಪು ಮಾಡೋಕೆ ಮನುಷ್ಯನ ಕೈಲಿ ಆಗಲ್ಲ," ಎಂದಳು ಆರ್ಲೀನ್, ಎಲ್ಮರ್‌ನ ಹಾಳೆಯನ್ನು ತನ್ನ ಬಾರಿನ ಗೋಡೆಗೆ ಅಂಟಿಸುತ್ತಾ. "ಕಣ್ಣು ಮುಚ್ಕೊಂಡ್ ಬರೆದ್ರೂ ಒಂದೆರಡು ಸರಿ ಹೋಗುತ್ತೆ."

ಎಲ್ಮರ್ ಬ್ರಾಂದಿ ಗುಟುಕರಿಸಿ ನಿಟ್ಟುಸಿರಿಟ್ಟ.

ಅವಳ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಪ್ರತಿ ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆಯುತ್ತದೆ. ದೊಡ್ಡ ಅಮೆರಿಕನ್ ಫುಟ್‌ಬಾಲ್ ತಂಡಗಳು ಸರದಿಯ ಮೇಲೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಮೊದಲ ಸಂಜೆ ಯಾವ ತಂಡ ಯಾರನ್ನು ಎತ್ತಿಕೊಳ್ಳುತ್ತದೆ ಎಂದು ಮುಂಚೆಯೇ ಬರೆದು ಗೋಡೆಗೆ ಅಂಟಿಸುವುದು ಗ್ರೀನ್ ಬೇ ಊರಿನ ಈ ಬಾರಿನ ಪದ್ಧತಿ. ಸರಿಯಾದ ಹೆಸರಿಗೆ ಒಂದು ಅಂಕ. ಗೆದ್ದವನಿಗೆ ಏನೂ ಇಲ್ಲ. ಸೋತವನಿಗೆ ಅಂಗಿ.

ಅಂಗಿ ಎಂದರೆ ನಮ್ಮ ಬದ್ಧವೈರಿ ಶಿಕಾಗೋ ತಂಡದ ನೀಲಿ ಅಂಗಿ. ಹಸಿರು ಅಂಗಿಯ ತಂಡದ ನಮ್ಮ ಊರಿನಲ್ಲಿ ಅದನ್ನು ಬರಿಗೈಯಲ್ಲಿ ಮುಟ್ಟುವವರಿಲ್ಲ. ಸಾಸೇಜ್ ಮಗುಚುವ ಇಕ್ಕಳದಲ್ಲಿ ಹಿಡಿದು ಆರ್ಲೀನ್ ಹೊರಗೆ ತರುತ್ತಾಳೆ. ಆ ವರ್ಷದ ಮೊದಲ ಪಂದ್ಯಕ್ಕೆ ಸೋತವನು ಅದನ್ನು ತೊಟ್ಟು ಮೈದಾನದಲ್ಲಿ, ಇಡೀ ಊರಿನ ನಡುವೆ, ಬೈಗುಳ ತಿನ್ನುತ್ತಾ ಕೂರಬೇಕು. ಈ ಶಿಕ್ಷೆಯನ್ನು ಮೊದಲು ಸೂಚಿಸಿದವನು ಯಾರು ಗೊತ್ತೆ? ಎಲ್ಮರ್‌ನೇ. ತಾನು ತೋಡಿದ ಗುಂಡಿಗೆ ತಾನೇ ಬಿದ್ದ, ಅದೂ ವರ್ಷ ತಪ್ಪದೆ.

ಪಾಪ, ಓದದೆ ಬರೆಯುವವನೂ ಅಲ್ಲ. ಚಳಿಗಾಲವಿಡೀ ಒಬ್ಬೊಬ್ಬ ಹುಡುಗನ ಜಾತಕ ಜಾಲಾಡುತ್ತಾನೆ. ಸೋತ ಮೇಲೆ ನಿಯತ್ತೂ ಬಿಡುವುದಿಲ್ಲ. ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ ವಾಪಸು ತರುತ್ತಾನೆ. ಒಮ್ಮೆ ತೋಳು ಹರಿದಾಗ ತಾನೇ ಹೊಲಿದಿದ್ದ. ಶತ್ರುವಿನ ಬಟ್ಟೆಗೂ ಇಷ್ಟು ಮರ್ಯಾದೆಯೇ ಎಂದು ಚರ್ಚಿನ ಪಾದ್ರಿಗಳೂ ಹೊಗಳಿದ್ದರು.

ಈ ವರ್ಷ ಮಾತ್ರ ನಗುವ ವಿಷಯವಾಗಿರಲಿಲ್ಲ. ಎಲ್ಮರ್ ಹೊರಗಿನಿಂದ ಬಂದ ಮನೆ ಅಳಿಯ. ಹಸಿರು ಅಂಗಿ ತೊಟ್ಟು, ಇನ್ನು ಈ ಊರಿನವನಾದೆ ಎಂದು ಮಾವ ಕ್ಲಾರೆನ್ಸ್‌ಗೆ ಮಾತು ಕೊಟ್ಟ ಮೇಲೆಯೇ ಲವಾನ್‌ಳನ್ನು ಮದುವೆಯಾದವನು. ಮೈದಾನದಲ್ಲಿ ಆ ಮಾವನಿಗೊಂದು ಸ್ವಂತ ಸೀಟಿದೆ. ನಮ್ಮಲ್ಲಿ ಸೀಟಿಗೆ ಹೆಸರು ಬರೆಸಿ ಕಾಯುತ್ತಲೇ ಜನ ಮುದುಕರಾಗುತ್ತಾರೆ. ಸಿಕ್ಕವರು ಹೊಲಮನೆಯಂತೆ ಉಯಿಲಿನಲ್ಲಿ ಬರೆದಿಡುತ್ತಾರೆ. ಮುದುಕ ಅದನ್ನು ಅಳಿಯನಿಗೆ ಬರೆದಿಟ್ಟಿದ್ದ.

"ಅಳಿಯಂದ್ರೇ," ಎಂದಿದ್ದ ಕ್ಲಾರೆನ್ಸ್, "ಇನ್ನೊಂದ್ಸಲ ಆ ಅಂಗಿ ನಿಮ್ಮ ಮೈಮೇಲೆ ಕಂಡ್ರೆ, ನನ್ನ ಸೀಟು ಗೋರ್ಡಿಗೆ."

"ನನ್ನ ಕೈಲಾದದ್ದೆಲ್ಲಾ ಮಾಡ್ತೀನಿ ಮಾವ," ಎಂದಿದ್ದ ಎಲ್ಮರ್.

ಗೋರ್ಡಿ ಎಂದರೆ ಲವಾನ್‌ಳ ತಮ್ಮ. ಅಕ್ಕ ಅವನ ಮನೆಗೆ ಹೋಗಿ ಅತ್ತಳು. ಗೋರ್ಡಿಯ ಕರುಳು ಚುರ್ ಎಂದಿತು. ಸೀಟಿನ ಆಸೆ ಅವನಿಗೇನು ಕಡಿಮೆಯಿತ್ತೆ? ಆದರೂ ಭಾವನಿಗಾಗಿ ತಾನೇ ಸೋಲುವುದೆಂದು ತೀರ್ಮಾನಿಸಿದ. ತನ್ನ ಹಾಳೆಯಲ್ಲಿ ಎಲ್ಲ ತಂಡಗಳ ಮುಂದೆಯೂ ಒಂದೇ ಹೆಸರು ಬರೆದ: ಟ್ವಿಗ್ಸ್. ಚೆಂಡನ್ನು ಕೈಯಲ್ಲೇ ಆಡುವ ಈ ಆಟದಲ್ಲಿ ಆಗೀಗ ಬಂದು ಒದೆಯುವುದೊಂದೇ ಕೆಲಸದ ಹುಡುಗ. ಅಂಥವನನ್ನು ಮೊದಲ ಸಂಜೆ ಯಾರೂ ಕೊಳ್ಳುವುದಿಲ್ಲ. ಅವನು ಸಂತೆ ಮುಗಿಸಿ ಹೊರಡುವಾಗ ಕೊಸರಿಗೆ ಕೇಳುವ ಸರಕು.

ಗೋಡೆಯ ಮೇಲೆ ಆ ಹಾಳೆ ನೋಡಿ ಎಲ್ಮರ್‌ನ ಮುಖ ಬಿಳಿಚಿಕೊಂಡಿತು. ಇಬ್ಬರಿಗೂ ಸೊನ್ನೆ ಬಂದರೆ ಹಿಂದಿನ ವರ್ಷ ಸೋತವನಿಗೆ ವಿನಾಯಿತಿ ಎಂಬುದು ಬಾರಿನ ಕಟ್ಟಳೆ. ಅವನು ಗೋರ್ಡಿಯ ಕೈ ಹಿಡಿದುಕೊಂಡ.

"ಯಾಕಪ್ಪಾ ಹೀಗ್ ಮಾಡ್ದೆ?" ಎಂದ.

"ಇರ್ಲಿ ಬಿಡಿ ಭಾವ. ನಿಮ್ಮ ಅವಸ್ಥೆ ನೋಡೋಕಾಗಲ್ಲ."

ಸುತ್ತಲಿದ್ದವರು ಕಣ್ಣೊರೆಸಿಕೊಂಡರು.

ಸಂಜೆ ಟಿವಿಯಲ್ಲಿ ಹೆಸರುಗಳು ಒಂದೊಂದಾಗಿ ಬಂದವು. ಎಂದಿನಂತೆ ಎಲ್ಮರ್‌ನದು ತಪ್ಪು, ಮತ್ತೆ ತಪ್ಪು, ಮತ್ತೂ ತಪ್ಪು. ಗೋರ್ಡಿಯದೂ ಅಷ್ಟೆ. ಒಂದೇ ಒಂದು ಹೆಸರು ಉಳಿದಾಗ ಇಬ್ಬರ ಮುಂದೆಯೂ ಸೊನ್ನೆ. ಎಲ್ಮರ್ ಪಾರಾದನೆಂದೇ ಬಾರು ಕುಣಿಯಿತು. ಕರಿದ ಚೀಸಿನ ತಟ್ಟೆಗಳು ಕೈಯಿಂದ ಕೈಗೆ ಹೋದವು. ಕ್ಲಾರೆನ್ಸ್ ತಾನೇ ಅಳಿಯನಿಗೆ ಬ್ರಾಂದಿ ತರಿಸಿದ. ಎಲ್ಮರ್ ಲೋಟ ಮುಟ್ಟದೆ ಟಿವಿಯನ್ನೇ ದಿಟ್ಟಿಸುತ್ತಿದ್ದ. ಬದುಕಿದೆಯಾ ಬಡಜೀವವೇ ಎನ್ನುವಾಗ ಹಾಗಾಗುವುದು ಸಹಜ ಎಂದರು ಪಕ್ಕದವರು.

ಕೊನೆಯ ಸರದಿ ಹೋದ ವರ್ಷ ಗೆದ್ದ ತಂಡದ್ದು. ಅವರಿಗೆ ಬೇಕಾದವರೆಲ್ಲ ಆಗಲೇ ಇದ್ದರು. ಹೊಟ್ಟೆ ತುಂಬಿದವರು ಕೊಸರಿಗೆ ಕೈ ಚಾಚಿದರು.

"ಟ್ವಿಗ್ಸ್," ಎಂದಿತು ಟಿವಿ.

ಆರ್ಲೀನ್ ಗೋರ್ಡಿಯ ಹಾಳೆಯ ಮೇಲೆ ಒಂದು ಅಂಕ ಗೀಚಿದಳು. ಎಲ್ಮರ್ ಕಟ್ಟೆಯ ಮೇಲೆ ಮುಖವಿಟ್ಟ, ಭುಜಗಳು ಕುಲುಕುತ್ತಿದ್ದವು. ಗೋರ್ಡಿ ಅವನ ಬೆನ್ನು ಸವರುತ್ತಾ ತಾನೂ ಅತ್ತ. ಕ್ಲಾರೆನ್ಸ್ ಟೋಪಿ ಎತ್ತಿಕೊಂಡ. ಆಡಿದ ಮಾತು ಆಡಿದ್ದೇ, ಸೀಟು ಗೋರ್ಡಿಗೆ ಹೋಯಿತು.

ಆರ್ಲೀನ್ ಇಕ್ಕಳದಲ್ಲಿ ಅಂಗಿ ತಂದಳು. ಎಲ್ಮರ್ ಅದನ್ನು ಬರಿಗೈಯಲ್ಲೇ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಹಿಂದೆ ಹೋಗಬೇಡಿ, ಒಬ್ಬನೇ ಸ್ವಲ್ಪ ಅತ್ತು ಹಗುರಾಗಲಿ ಎಂದು ಹಿರಿಯರು ತಡೆದರು.

ಕಾರಿನ ಬಾಗಿಲು ಭದ್ರವಾಗಿ ಹಾಕಿಕೊಂಡು ಅವನು ಅಂಗಿಯನ್ನು ತೊಡೆಯ ಮೇಲೆ ಹರಡಿದ. ತೋಳಿನ ಸುಕ್ಕುಗಳನ್ನು ಅಂಗೈಯಿಂದ ಸವರಿ ಬಿಡಿಸಿದ. ಆಮೇಲೆ ಫೋನ್ ಎತ್ತಿಕೊಂಡು, ಶಿಕಾಗೋದಲ್ಲಿ ತಾನು ಹುಟ್ಟಿ ಬೆಳೆದ ಮನೆಯ ನಂಬರು ಒತ್ತಿದ.

"ಅಮ್ಮಾ, ಮೊದಲ್ನೇ ಪಂದ್ಯಕ್ಕೆ ಟಿವಿ ಮುಂದೆ ಕೂತಿರು. ಈ ವರ್ಷಾನೂ ನಮ್ಮ ಅಂಗಿ ನಂಗೇ ಸಿಕ್ತು."