ನೀಲಿ ಎಳೆ

ಹತ್ತನೆಯ ಕಪ್ಪೆಚಿಪ್ಪಿನ ಹೊಟ್ಟೆಯಲ್ಲೂ ಅದೇ ನೀಲಿ ಪ್ಲಾಸ್ಟಿಕ್ ಎಳೆ ಕಂಡಾಗ ಸಂಶೋಧಕಿ ಚಿಮಟ ಕೆಳಗಿಟ್ಟಳು. ಆ ಚಿಪ್ಪುಗಳನ್ನು ಸಾಕಿದ ಅವಳ ಅಮ್ಮ ಬಾಗಿಲ ಬಳಿ ಮಗಳ ಮುಖವನ್ನೇ ನೋಡುತ್ತ ಕೂತಿದ್ದಳು. ವಿಚಿತ್ರವೆಂದರೆ, ಚಿಪ್ಪುಗಳ ಜೀರ್ಣಕ್ಕೆ ನೆರವಾಗುವ ಸೂಕ್ಷ್ಮಜೀವಿಗಳೆಲ್ಲ ಸೊಂಪಾಗಿದ್ದವು. ಇಷ್ಟು ಪ್ಲಾಸ್ಟಿಕ್ ನುಂಗಿದ ಹೊಟ್ಟೆಯಲ್ಲಿ ಅವು ಹೀಗೆ ನೆಮ್ಮದಿಯಾಗಿರುವುದುಂಟೇ?

ಅನುಮಾನ ಬಂದು ಮಗಳು, ಹೋಲಿಕೆಗೆಂದು ಪಕ್ಕದಲ್ಲೇ ತೆರೆದಿಟ್ಟಿದ್ದ, ಚಿಪ್ಪು ಸೋಕದ ಶುದ್ಧ ನೀರಿನ ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ಅಲ್ಲೂ ನೀಲಿ ಎಳೆ! ಅವಳು ತೊಟ್ಟ ಹತ್ತಿಯ ಕೋಟಿನ ತೋಳಿನಿಂದ, ಅಮ್ಮ ಹೆಣೆದ ನೀಲಿ ಸ್ವೆಟರು ಇಣುಕುತ್ತಿತ್ತು.

"ನಿನ್ನ ಚಿಪ್ಪಿಗೇನೂ ಆಗಿಲ್ಲ ಕಣಮ್ಮ. ಕಳ್ಳ ನನ್ನ ತೋಳಲ್ಲೇ ಇದ್ದಾನೆ, ನೋಡು!"

ಅಮ್ಮ ಎದ್ದು ಬಂದು ಆ ತೋಳನ್ನು ಸವರಿದಳು. "ಅಯ್ಯೋ, ಅಂಗಡಿಯವನು ಅಪ್ಪಟ ಕುರಿ ಉಣ್ಣೆ ಅಂತ ಆಣೆ ಇಟ್ಟಿದ್ದನಲ್ಲೇ!"