ಗಾಂಧಿ ಜಯಂತಿಯ ಕೋಳಿತಲೆಗಳು

ಬಾಗಿಲಲ್ಲಿ ಕೋಳಿಮಾಂಸದ ಪೊಟ್ಟಣವಿಟ್ಟು ತಿರುಗುವಷ್ಟರಲ್ಲಿ ಸಫ್ದರ್ ಸಿಕ್ಕಿಬಿದ್ದ.

"ನಿಲ್ಲಿ ಸಾಬ್ರೆ. ನೀವು ಮೂಡಿಗೆರೆ ಕೋಳಿ ಅಂಗಡಿಯೋರಲ್ವಾ? ಮೂರು ವಾರದಿಂದ ಇಡ್ತಿರೋದು ನೀವೇನಾ?" ಸಿದ್ದಗಂಗಮ್ಮ ಹೊರಗೆ ಬಂದಳು. ಬಲಗಣ್ಣಿಗೆ ಬಿಳಿ ಬಟ್ಟೆ ಕಟ್ಟಿತ್ತು. "ನಮ್ಮಲ್ಲಿ ಕೋಳಿ ತಿನ್ನಲ್ಲ. ಅಷ್ಟೂ ಪಕ್ಕದ ಮನೆಯೋರ ಪಾಲಾಯ್ತು ನೋಡಿ."

ಪಾಪ ಕಳೆದುಕೊಳ್ಳಲು ಬಂದವನಿಗೆ ಅದೂ ನೆಟ್ಟಗೆ ಆಗಲಿಲ್ಲ. ಬಾಳೂರಿನ ಆ ಎಸ್ಟೇಟ್ ಕೂಲಿಗಳ ಲೈನ್‌ಮನೆಯ ಅಂಗಳದಲ್ಲಿ ಸಫ್ದರ್ ತಲೆ ತಗ್ಗಿಸಿ ನಿಂತ. ಅಂಗಡಿ ಇಟ್ಟು ಹದಿನೆಂಟು ವರ್ಷ. ಹಳೇ ಮಾಲು ಕೊಟ್ಟನೆಂದು ಒಬ್ಬರೂ ಬೆರಳು ತೋರಿಸಿರಲಿಲ್ಲ. ಕೊಟ್ಟದ್ದು ಒಂದೇ ಒಂದು ಸಲ. ಅದು ಈ ಹೆಂಗಸಿನ ಕಣ್ಣು ತೆಗೆದಿತ್ತು.

ಅವನ ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಪ್ರಯೋಗಾಲಯವಿದೆ. ಕಂಪನಿಗಳು ಮಾರುವ ರಾಸಾಯನಿಕ ಕಣ್ಣಿಗೆ ಬಿದ್ದರೆ ಏನಾಗುತ್ತದೆಂದು ಅಲ್ಲಿ ನೋಡುತ್ತಾರೆ. ಹಿಂದೆಲ್ಲ ಇದಕ್ಕೆ ಜೀವಂತ ಮೊಲದ ಕಣ್ಣಿಗೇ ಹಾಕುತ್ತಿದ್ದರಂತೆ. ಇಲ್ಲಿ ಮೊಲವಿಲ್ಲ. ಹೇಗೂ ಸಾರಿಗೆಂದು ಕೊಯ್ದ ಕೋಳಿಯ ತಲೆ ಸಾಕು. ಅದರ ಕಣ್ಣು ತೆಗೆದು, ಹನಿ ಹಾಕಿ, ನಾಲ್ಕು ಗಂಟೆ ಕಾದು, ಮಂಜಾಯಿತೇ, ಊದಿತೇ ಎಂದು ಅಳೆಯುತ್ತಾರೆ. ತಿಪ್ಪೆಗೆ ಎಸೆಯುವ ತಲೆಯಿಂದ ಒಂದು ಮೊಲ ಉಳಿಯುತ್ತದಲ್ಲ ಎಂದು ಸಫ್ದರನಿಗೂ ಒಳಗೊಳಗೇ ಹೆಮ್ಮೆಯಿತ್ತು.

ಷರತ್ತು ಒಂದೇ. ಕೊಯ್ದ ಎರಡು ಗಂಟೆಯೊಳಗೆ ತಲೆ ತಲುಪಬೇಕು. ಪರೀಕ್ಷೆ ಮಾಡುವ ಅರ್ಪಿತಾ ಈ ವಿಷಯದಲ್ಲಿ ಬಲು ಖಡಕ್ಕು. ಒಮ್ಮೆ ಮಳೆಯಿಂದ ತಡವಾದಾಗ ಡಬ್ಬಿಯ ಮುಚ್ಚಳ ತೆಗೆದವಳೇ, "ಇದಕ್ಕೆ ಹೊತ್ತು ಮೀರಿದೆ ಸಫ್ದರಣ್ಣ, ತಗೊಂಡ್ಹೋಗಿ" ಎಂದಿದ್ದಳು.

2004ರ ಅಕ್ಟೋಬರ್ ಒಂದರ ಸಂಜೆ ಅವಳು ಅಂಗಡಿಗೇ ಬಂದಳು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ತೊಳೆಯಲು ಹೊಸ ದ್ರಾವಣ ಬಂದಿತ್ತು. ಕೊಯ್ಲಿಗೆ ಮುಂಚೆ ತೋಟಗಳಿಗೆ ಹೋಗಬೇಕು, ಕಂಪನಿಯವರು ನಾಳೆಯೇ ವರದಿ ಕೇಳುತ್ತಿದ್ದಾರೆ.

"ಹೇಗಾದ್ರೂ ಮಾಡಿ ಬೆಳಗ್ಗೆ ಹತ್ತಕ್ಕೆ ತಲೆ ಕೊಡಿ ಸಫ್ದರಣ್ಣ."

ನಾಳೆ ಗಾಂಧಿ ಜಯಂತಿ, ಕತ್ತಿ ಮುಟ್ಟುವಂತಿಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಹ್ಞೂಂ ಎಂದುಬಿಟ್ಟ. ಮಾರನೆಯ ದಿನ ಐಸಿನಲ್ಲಿಟ್ಟಿದ್ದ ಹಿಂದಿನ ದಿನದ ತಲೆಗಳನ್ನೇ ಒಯ್ದು, "ಈಗಷ್ಟೇ ಹಿತ್ತಲಲ್ಲಿ ಕೊಯ್ದಿದ್ದು ಮೇಡಂ" ಎಂದ. ಅವಳು ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ವಾಪಸು ಕಳಿಸಲಿಲ್ಲ. ಅವಳು ಕೊಟ್ಟ ವರದಿಯ ಲಕೋಟೆಯನ್ನು ಅಂದೇ ಮಧ್ಯಾಹ್ನ ಹನ್ನೆರಡರ ಚಿಕ್ಕಮಗಳೂರು ಬಸ್ಸಿಗೆ ಹಾಕಿದವನೂ ಅವನೇ. ಸದ್ಯ, ಮೇಡಮ್ಮಿಗೆ ಗೊತ್ತಾಗಲಿಲ್ಲ ಎಂದು ನೆಮ್ಮದಿಯ ಉಸಿರು ಬಿಟ್ಟಿದ್ದ.

ಡಿಸೆಂಬರಿನಲ್ಲಿ ಆ ದ್ರಾವಣ ತೋಟದಲ್ಲಿ ಪಲ್ಪರ್ ತೊಳೆಯುತ್ತಿದ್ದ ಸಿದ್ದಗಂಗಮ್ಮನ ಕಣ್ಣಿಗೆ ಸಿಡಿಯಿತು. ಅಂಗಡಿಗೆ ಬಂದ ಗಿರಾಕಿಯಿಂದ ಸಫ್ದರನಿಗೆ ಸುದ್ದಿ ತಿಳಿಯಿತು. ಹಳಸಿದ ಕಣ್ಣಿಗೆ ಉರಿ ಹೇಗೆ ಗೊತ್ತಾಗಬೇಕು? ಅಂದಿನಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ.

"ಯಾಕೆ ಬರ್ತೀರಿ ಸಾಬ್ರೆ? ಆ ಲ್ಯಾಬಿನ ಮೇಡಮ್ಮೋರೂ ಹೀಗೇ," ಎಂದಳು ಸಿದ್ದಗಂಗಮ್ಮ. "ಭಾನುವಾರ ಭಾನುವಾರ ಬಂದು ಔಷಧಿ ಬಿಡ್ತಾರೆ. ಯಾಕಮ್ಮಾ ಅಂದ್ರೆ ಕಣ್ಣೀರು ಹಾಕ್ತಾರೆ."

ಸಫ್ದರನಿಗೆ ಅರ್ಪಿತಾಳ ಮುಖ ನೆನಪಾಯಿತು. ಎಂಥ ಮೆದು ಮನಸ್ಸಿನ ಹುಡುಗಿ! ಅವಳ ಕೈಯಲ್ಲಿ ಸುಳ್ಳು ಬರೆಸಿದವನು ತಾನು.

"ತೋಟದ ಲೆಕ್ಕ ಬರೆಯೋ ರೈಟ್ರು ಏನಂತಾರೆ ಗೊತ್ತಾ? ಕಣ್ಣಿಗೆ ಅಪಾಯ ಇಲ್ಲ ಅಂತ ಡ್ರಮ್ಮಿನ ಮೇಲೇ ಬರ್ದದೆ, ಪರೀಕ್ಷೆ ಆದ ಮಾಲು, ನಿನ್ನ ಕಣ್ಣೇ ಮೊದ್ಲಿಂದ ಸರಿ ಇರ್ಲಿಲ್ಲ ಅಂತಾರೆ." ಅವಳು ಪೊಟ್ಟಣವನ್ನು ಅವನ ಕೈಗೇ ಕೊಟ್ಟಳು. "ಈಗ ಆ ಕೆಲ್ಸಕ್ಕೆ ನನ್ನ ಮಗಳನ್ನ ಹಾಕಿದಾರೆ. ನಾಳೆ ಹೊಸ ಡ್ರಮ್ಮು ಬರ್ತದಂತೆ."

ಸಫ್ದರ್ ಬಸ್ಸಿಗೆ ಕಾಯಲಿಲ್ಲ. ಸಿಕ್ಕ ಜೀಪಿಗೆ ನೇತುಬಿದ್ದು ಹೊರಟ. ಬಾಯಿಬಿಟ್ಟರೆ ಅಂಗಡಿಯ ಹೆಸರು ಮಣ್ಣುಪಾಲು. ಬಿಡದಿದ್ದರೆ ಸಿದ್ದಗಂಗಮ್ಮನ ಮಗಳ ಕಣ್ಣು. ಇದರಲ್ಲಿ ಯೋಚಿಸುವುದೇನಿದೆ? ಆದರೂ ಮೂಡಿಗೆರೆಯವರೆಗೂ ಯೋಚಿಸಿದ. ಮನುಷ್ಯ ಅಷ್ಟು ಸುಲಭಕ್ಕೆ ಒಳ್ಳೆಯವನಾಗುವುದಿಲ್ಲ.

ಪ್ರಯೋಗಾಲಯದಲ್ಲಿ ಅರ್ಪಿತಾ ಒಬ್ಬಳೇ ಇದ್ದಳು. ಅವನು ಕೂರಲೂ ಇಲ್ಲ, ಒಂದೇ ಉಸಿರಿಗೆ ಹೇಳಿದ.

"ಗಾಂಧಿ ಜಯಂತಿ ದಿನ ಕೊಟ್ಟ ತಲೆ ಹಿಂದಿನ ದಿನದ್ದು ಮೇಡಂ. ನಿಮಗೆ ಸುಳ್ಳು ಹೇಳ್ದೆ. ಆ ಹೆಂಗಸಿನ ಕಣ್ಣು ತೆಗೆದಿದ್ದು ನಾನೇ. ಎಲ್ಲಿ ಬೇಕಾದ್ರೂ ಬರ್ದು ಕೊಡ್ತೀನಿ. ಆ ಡ್ರಮ್ಮು ಮಾತ್ರ ನಿಲ್ಸಿ."

ಅವಳು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದಳು.

"ನಿಮ್ಮ ತಪ್ಪು ಅಂತ ಬರೆಯೋಕಾಗಲ್ಲ ಸಫ್ದರಣ್ಣ," ಎಂದಳು. "ಹನಿ ಹಾಕೋ ಮೊದ್ಲು ಒಂದೊಂದು ಕಣ್ಣನ್ನೂ ನೋಡ್ತೀವಿ. ನೀವು ತಂದಿದ್ದೆಲ್ಲ ಆಗ್ಲೇ ಮಂಜಾಗಿತ್ತು. ಅಷ್ಟನ್ನೂ ಬಿಸಾಕಿದೆ."

ಸಫ್ದರನಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಮೈಯೆಲ್ಲ ಹಗುರಾಯಿತು. ತನ್ನ ತಲೆಗಳನ್ನು ಬಳಸಿಯೇ ಇಲ್ಲ! ಯಾ ಅಲ್ಲಾ, ಇಷ್ಟು ದಿನ ಹೊತ್ತದ್ದು ತನ್ನದಲ್ಲದ ಭಾರ. ನಗುವೇ ಬಂದುಬಿಡುತ್ತಿತ್ತು, ಆದರೆ ಅವಳ ಮುಖ ನೋಡಿ ತಡೆದ.

"ಮತ್ತೆ ಪರೀಕ್ಷೆ ಯಾವ ಕಣ್ಣಿನ ಮೇಲೆ ಮಾಡಿದ್ರಿ ಮೇಡಂ?"

"ಮಾಡ್ಲಿಲ್ಲ, ಹಾಗೇ ಬರೆದುಕೊಟ್ಟೆ," ಎಂದಳು ಅರ್ಪಿತಾ. "ಆ ದ್ರಾವಣ ಬಿದ್ದ ಮೊದಲನೇ ಕಣ್ಣು ಸಿದ್ದಗಂಗಮ್ಮಂದೇ."